ದುಬೈನಲ್ಲಿ ಮನೆಮಂದಿಗೆಲ್ಲ ಎತ್ತರದ ಊಟ: 122ನೇ ಮಹಡಿಯೋ, 25ನೇ ಮಹಡಿಯೋ, ನೆಲವೋ?

ಊರಿಂದ ಅಪ್ಪ ಅಮ್ಮ ಬರ್ತಾರೆ ಅಂತ ಗೊತ್ತಾದ ಕೂಡಲೇ ದುಬೈನಲ್ಲಿರುವ ನಮ್ಮವರ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಒಂದು ದಿನ ಬುರ್ಜ್ ಖಲೀಫಾದಲ್ಲಿ ಊಟ ಮಾಡಿಸೋಣ." ನಾನೂ ಹಾಗೇ ಅಂದುಕೊಂಡಿದ್ದೆ. ತೀರ್ಥಹಳ್ಳಿಯಿಂದ ಬಂದ ಅಪ್ಪ ಅಮ್ಮನನ್ನು ಎರಡು ಸಲ, ಎರಡು ಬೇರೆ ಬೇರೆ ಎತ್ತರಕ್ಕೆ ಕರೆದುಕೊಂಡು ಹೋದ ಮೇಲೆ ನನ್ನ ಲೆಕ್ಕ ಬದಲಾಯಿತು. ಈಗ ಯಾರಾದರೂ ಕೇಳಿದರೆ ಮಹಡಿ ಎಷ್ಟನೆಯದು ಅನ್ನೋದನ್ನು ಕೊನೆಗೆ ನೋಡಿ ಅಂತೀನಿ. ಮೊದಲು ನೋಡಬೇಕಾದದ್ದು ಟೇಬಲ್ ಸುತ್ತ ಯಾರು ಕೂರ್ತಾರೆ, ಕಿಟಕಿಯಾಚೆ ಕಾಣೋದರಲ್ಲಿ ಅವರಿಗೆ ಗುರುತು ಸಿಗುವಂಥದ್ದು ಏನಿದೆ ಅನ್ನೋದನ್ನು.

ಇದನ್ನು ನನಗೆ ಕಲಿಸಿದ್ದು ಅಪ್ಪ. ಊರಲ್ಲಿ ಕುಂದಾದ್ರಿ ಹತ್ತಿದಾಗಲೆಲ್ಲ ಅವರು ಬಂಡೆಯ ಮೇಲೆ ನಿಂತು ಕೈ ಚಾಚಿ ತೋರಿಸುತ್ತಾರೆ. ಅಗೋ ಆ ಕಡೆ ಆಗುಂಬೆ, ಇಗೋ ಈ ಕಡೆ ನಮ್ಮ ತೋಟ, ಆ ಹೊಗೆ ಏಳ್ತಿದೆಯಲ್ಲ ಅದು ಇಂಥವರ ಮನೆ. ನೋಡೋದು ಅಂದರೆ ಅವರಿಗೆ ತೋರಿಸೋದು. ಬುರ್ಜ್ ಖಲೀಫಾದ 122ನೇ ಮಹಡಿಯ ಗಾಜಿನ ಮುಂದೆ ಅವರು ಎರಡು ನಿಮಿಷ ಸುಮ್ಮನೆ ನಿಂತರು. ಆಮೇಲೆ "ಚೆನ್ನಾಗಿದೆ" ಅಂದು ಬಂದು ಕೂತರು. ತೋರಿಸಲಿಕ್ಕೆ ಅವರಿಗೆ ಏನೂ ಸಿಕ್ಕಿರಲಿಲ್ಲ.

ಬುರ್ಜ್ ಖಲೀಫಾದ ಒಳಗೆ

ಕಟ್ಟಡದ ಎತ್ತರ 828 ಮೀಟರ್. ಬಾಗಿಲು ತೆರೆದದ್ದು 2010ರ ಜನವರಿಯಲ್ಲಿ. ಅದರ 122ನೇ ಮಹಡಿಯಲ್ಲಿರುವ ಅಟ್ಮಾಸ್ಫಿಯರ್ ರೆಸ್ಟೋರೆಂಟ್ ಶುರುವಾದದ್ದು ಮರುವರ್ಷ, 2011ರಲ್ಲಿ. ನೆಲದಿಂದ ಅದು ಸುಮಾರು 442 ಮೀಟರ್ ಮೇಲಿದೆ. ಮೈಸೂರಿನಲ್ಲಿ ನಿಂತು ಚಾಮುಂಡಿ ಬೆಟ್ಟ ನೋಡಿದ್ದೀರಲ್ಲ? ಅದು ಊರಿನ ಮಟ್ಟದಿಂದ 300 ಮೀಟರ್ ಆಸುಪಾಸು. ಅದರ ಒಂದೂವರೆ ಪಟ್ಟು ಎತ್ತರದಲ್ಲಿ ಕೂತು ಊಟ ಮಾಡಿದ ಹಾಗೆ. ಎಷ್ಟೋ ವರ್ಷ ಜಗತ್ತಿನ ಅತಿ ಎತ್ತರದ ರೆಸ್ಟೋರೆಂಟ್ ಅನ್ನೋ ಹೆಸರು ಇದಕ್ಕೇ ಇತ್ತು. 2021ರಲ್ಲಿ ಶಾಂಘೈ ಟವರ್‌ನ ಹೋಟೆಲಿನಲ್ಲಿರುವ ರೆಸ್ಟೋರೆಂಟ್ ಅದನ್ನು ದಾಟಿತು.

ಇಷ್ಟು ಎತ್ತರದಿಂದ ಏನು ಕಾಣುತ್ತದೆ? ಹಗಲಲ್ಲಿ ನಕ್ಷೆ, ರಾತ್ರಿಯಲ್ಲಿ ದೀಪಗಳ ಬಲೆ. ಶೇಖ್ ಜಾಯೆದ್ ರಸ್ತೆ ಒಂದು ಬೆಳಕಿನ ಗೆರೆ. ಅಕ್ಕಪಕ್ಕದ ಐವತ್ತು ಅರವತ್ತು ಮಹಡಿಯ ಕಟ್ಟಡಗಳು ಮೇಜಿನ ಮೇಲೆ ನಿಲ್ಲಿಸಿದ ಬೆಂಕಿಪೊಟ್ಟಣಗಳು. ಅದು ಮೈ ಜುಮ್ಮೆನ್ನಿಸುವ ನೋಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯರು ಕಾಣೋದಿಲ್ಲ. ಕೆಳಗೆ ದುಬೈ ಫೌಂಟನ್ ಕುಣಿಯುತ್ತದೆ, 150 ಮೀಟರ್‌ವರೆಗೆ ನೀರು ಚಿಮ್ಮುವ ಕಾರಂಜಿ ಅದು, ಮೇಲಿಂದ ತಟ್ಟೆಯಲ್ಲಿ ಹಾಲು ಉಕ್ಕಿದಷ್ಟೇ. ಅದರ ಹಾಡು ಕೇಳೋದೇ ಇಲ್ಲ. ಇನ್ನೊಂದು ವಿಷಯವನ್ನು ಹೊರಡುವ ಮೊದಲು ಯಾರೂ ಯೋಚಿಸಿರೋದಿಲ್ಲ. ಬುರ್ಜ್ ಖಲೀಫಾದ ಒಳಗೆ ಕೂತರೆ ಕಿಟಕಿಯಲ್ಲಿ ಬುರ್ಜ್ ಖಲೀಫಾ ಇರೋದಿಲ್ಲ. ನಮ್ಮ ಅಮ್ಮನಿಗೆ ಊರಿಗೆ ಕಳಿಸಲು ಬೇಕಿದ್ದದ್ದು ಆ ಕಟ್ಟಡದ ಫೋಟೋನೇ.

ಹಾಗಂತ ಇದು ಬೇಡ ಅನ್ನೋದಿಲ್ಲ. ಮದುವೆಯ ಇಪ್ಪತ್ತೈದನೇ ವರ್ಷಕ್ಕೋ, ಮಗಳ ಡಿಗ್ರಿ ಮುಗಿದ ಖುಷಿಗೋ, ನಾಲ್ಕೇ ಜನ ದೊಡ್ಡವರು ಹೋಗೋದಾದರೆ ಇಂಥ ಸಂಜೆ ಮತ್ತೆಲ್ಲೂ ಸಿಗೋದಿಲ್ಲ. ಖರ್ಚಿಗೆ ಸಿದ್ಧರಾಗಿರಿ. ಕಿಟಕಿ ಪಕ್ಕದ ಟೇಬಲ್ಲಿಗೆ ತಲೆಗೆ ಇಷ್ಟು ಕನಿಷ್ಠ ಅಂತ ಇರುತ್ತದೆ. ರಾತ್ರಿ ಊಟಕ್ಕೆ ಒಬ್ಬರಿಗೆ ನಮ್ಮ ಲೆಕ್ಕದಲ್ಲಿ 10,000 ರೂಪಾಯಿ ದಾಟಿಯೇ ದಾಟುತ್ತದೆ. ಬೆಳಗಿನ ತಿಂಡಿಗೋ ಮಧ್ಯಾಹ್ನದ ಹೈ ಟೀಗೋ ಹೋದರೆ ಅದೇ ನೋಟ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ವಯಸ್ಸಾದವರಿಗೆ ಆ ಹೊತ್ತೇ ಒಳ್ಳೆಯದು. ರಾತ್ರಿ ಒಂಬತ್ತಕ್ಕೆ ಕೂತು ಒಂದೊಂದೇ ತಟ್ಟೆಗೆ ಕಾಯೋದು ಎಂಟು ಗಂಟೆಗೆ ಊಟ ಮುಗಿಸಿ ಅಭ್ಯಾಸ ಇರುವವರಿಗೆ ಕಷ್ಟ.

ಒಂದು ಸಣ್ಣ ಸಂಗತಿ, ಟ್ಯಾಕ್ಸಿ ಹತ್ತುವ ಮೊದಲು ನೆನಪಿರಲಿ. 124ನೇ ಮಹಡಿಯ ವೀಕ್ಷಣಾ ಸ್ಥಳಕ್ಕೆ ಹೋಗುವ ದಾರಿ ದುಬೈ ಮಾಲ್ ಒಳಗಿಂದ. ರೆಸ್ಟೋರೆಂಟಿನ ದಾರಿಯೇ ಬೇರೆ, ಗೋಪುರದ ಬುಡದಿಂದ. ತಪ್ಪಿ ಮಾಲ್ ಬಾಗಿಲಲ್ಲಿ ಇಳಿದರೆ ಮಂಡಿ ನೋವಿನವರನ್ನು ಕರೆದುಕೊಂಡು ತುಂಬಾ ನಡೆಯಬೇಕಾಗುತ್ತದೆ. ಮೆಟ್ರೋದಲ್ಲಿ ಬಂದರೂ ಅಷ್ಟೇ. ಬುರ್ಜ್ ಖಲೀಫಾ ಅಂತ ನಿಲ್ದಾಣದ ಹೆಸರಿದೆ ನಿಜ, ಆದರೆ ಅಲ್ಲಿಂದ ಮಾಲ್‌ಗೆ ಏಸಿ ಸೇತುವೆಯಲ್ಲೇ ಸುಮಾರು 800 ಮೀಟರ್. ನಡುನಡುವೆ ಚಲಿಸುವ ನೆಲ ಇದೆ. ಆದರೂ ದೂರ ದೂರವೇ.

ದೇರಾದ ತಿರುಗುವ ರೆಸ್ಟೋರೆಂಟ್

ಎರಡನೇ ಸಲ ಅಪ್ಪ ಅಮ್ಮ ಬಂದಾಗ ಹೋದದ್ದು ದುಬೈನ ಹಳೇ ಭಾಗವಾದ ದೇರಾ ಕಡೆಗೆ. ಅಲ್ಲಿ ಹಯಾತ್ ರೀಜೆನ್ಸಿ ಇದೆ. 1980ರಲ್ಲಿ ಶುರುವಾದ ಹಳೆಯ ಹೋಟೆಲ್, ದುಬೈ ಇನ್ನೂ ಇಷ್ಟು ಎತ್ತರ ಬೆಳೆಯದ ಕಾಲದ್ದು. ಅದರ 25ನೇ ಮಹಡಿಯಲ್ಲಿ ಅಲ್ ದವ್ವಾರ್ ಅನ್ನುವ ಬಫೆ ರೆಸ್ಟೋರೆಂಟ್ ಇದೆ. ಅದು ಮೆಲ್ಲಗೆ ತಿರುಗುತ್ತದೆ. ಎಷ್ಟು ಮೆಲ್ಲಗೆ ಅಂದರೆ ತಿರುಗುತ್ತಿದೆ ಅಂತ ಗೊತ್ತಾಗೋದು ಸೂಪ್ ಮುಗಿಸಿ ತಲೆ ಎತ್ತಿದಾಗ. ಸಮುದ್ರ ಇದ್ದ ಕಡೆ ಈಗ ಊರು ಬಂದಿರುತ್ತದೆ. ತಲೆ ಸುತ್ತುವ ಪ್ರಶ್ನೆಯೇ ಬರಲಿಲ್ಲ. ಬಸ್ಸಿನಲ್ಲಿ ವಾಂತಿ ಬರುವ ಅಮ್ಮ ಆರಾಮಾಗಿ ಊಟ ಮಾಡಿದರು.

ಮಹಡಿಯ ಲೆಕ್ಕದಲ್ಲಿ ಇದು ಅಟ್ಮಾಸ್ಫಿಯರ್‌ನ ಐದನೇ ಒಂದು ಭಾಗ. ಆದರೆ ಅಪ್ಪನ ಕೈ ಕೆಳಗೆ ಇಳಿಯಲೇ ಇಲ್ಲ. ಆ ದಿನ ಬೆಳಿಗ್ಗೆ ಪಕ್ಕದ ವಾಟರ್‌ಫ್ರಂಟ್ ಮಾರ್ಕೆಟ್‌ನಲ್ಲಿ ಬಸಳೆ, ನುಗ್ಗೆಕಾಯಿ ತಂದಿದ್ದೆವು. ಅದರ ಚಾವಣಿ ಕಿಟಕಿಯ ಕೆಳಗೆ ಬಂದಾಗ ಚಮಚ ಹಿಡಿದ ಕೈಯಲ್ಲೇ ತೋರಿಸಿದರು. "ಅಗೋ, ನುಗ್ಗೆಕಾಯಿ ಅಂಗಡಿ!" ಮುಂದೆ ಖೋರ್‌ನ ಬಾಯಿ ಬಂತು. ದುಬೈನ ಆ ಉಪ್ಪುನೀರಿನ ಕಾಲುವೆಯಿಂದ ಧೋ ಅನ್ನುವ ಮರದ ಹಡಗೊಂದು ದೀಪ ಹಚ್ಚಿಕೊಂಡು ಸಮುದ್ರಕ್ಕೆ ಹೊರಟಿತ್ತು. ಹಿಂದಿನ ದಿನ ಅದೇ ನೀರಲ್ಲಿ ಒಂದು ದಿರ್ಹಂ ಕೊಟ್ಟು ಅಬ್ರಾ ದೋಣಿಯಲ್ಲಿ ದಾಟಿದ್ದೆವು. ಆ ಕಡೆ ಬರ್ ದುಬೈ, ಈ ಕಡೆ ದೇರಾ ಅಂತ ಮೊಮ್ಮಗಳಿಗೆ ಪಾಠ ಹೇಳಿದ್ದು ಅಜ್ಜನೇ. ಇನ್ನೂ ಸುತ್ತಿದಾಗ ಶಾರ್ಜಾ ದೀಪಗಳು, ಕೊನೆಗೆ ದೂರದಲ್ಲಿ ಬುರ್ಜ್ ಖಲೀಫಾದ ಮಿನುಗುವ ಸೂಜಿ. ಒಂದೇ ಕುರ್ಚಿಯಲ್ಲಿ ಕೂತು ನಾಲ್ಕೂ ದಿಕ್ಕು ನೋಡಿದ್ದಾಯಿತು. ಕಿಟಕಿ ಕಡೆ ಯಾರು ಕೂರಬೇಕು ಅನ್ನೋ ಜಗಳವೂ ಇಲ್ಲ.

ತಿರುಗುವ ರೆಸ್ಟೋರೆಂಟಿಗೆ ಮೊದಲ ಸಲ ಹೋಗುವವರಿಗೆ ಒಂದು ಎಚ್ಚರಿಕೆ. ಇಂಥ ಕಡೆ ಸಾಮಾನ್ಯವಾಗಿ ಟೇಬಲ್ ಇರುವ ನೆಲ ಮಾತ್ರ ತಿರುಗುತ್ತದೆ. ಕಿಟಕಿಯ ಅಂಚು ಗೋಡೆಗೆ ಸೇರಿದ್ದು, ಅದು ಇದ್ದಲ್ಲೇ ಇರುತ್ತದೆ. ಅಮ್ಮ ತಮ್ಮ ಪರ್ಸನ್ನು ಅಂಚಿನ ಮೇಲೆ ಇಟ್ಟರು. ಹತ್ತು ನಿಮಿಷಕ್ಕೆ ಅದು ಹಿಂದಿನ ಟೇಬಲ್ಲಿನವರ ಪಕ್ಕ ಸೇರಿತ್ತು. ಆ ಟೇಬಲ್ಲಿನ ಹೆಂಗಸು ನಗುತ್ತಾ ಎದ್ದು ತಂದುಕೊಟ್ಟರು. ಫೋನು, ಕನ್ನಡಕ, ಮಗುವಿನ ಆಟಿಕೆ ಯಾವುದನ್ನೂ ಅಲ್ಲಿ ಇಡಬೇಡಿ. ಬಫೆಗೆ ಎದ್ದು ಹೋದ ಅಜ್ಜ ಅಜ್ಜಿ ತಟ್ಟೆ ಹಿಡಿದು ವಾಪಸ್ ಬರುವಾಗ ಟೇಬಲ್ ಜಾಗ ಬದಲಾಗಿರುತ್ತದೆ. ಜೊತೆಗೆ ಒಬ್ಬರು ಹೋಗಿ.

ಬಫೆ ಅನ್ನೋದು ಮನೆಮಂದಿಗೆಲ್ಲ ಹೊಂದುವ ಏರ್ಪಾಡು. ಮಕ್ಕಳಿಗೆ ಕಾಯುವ ಕೆಲಸ ಇಲ್ಲ. ಸಸ್ಯಾಹಾರಿಗಳು ಕಣ್ಣಾರೆ ನೋಡಿ, ಕೇಳಿ ಬಡಿಸಿಕೊಳ್ಳಬಹುದು. ಖರ್ಚು 122ನೇ ಮಹಡಿಯ ರಾತ್ರಿ ಊಟದ ಅರ್ಧಕ್ಕಿಂತ ಕಡಿಮೆ. ಗೋಲ್ಡ್ ಸೂಕ್ ಮೆಟ್ರೋ ನಿಲ್ದಾಣವೂ ಹತ್ತಿರವೇ. ಅಡುಗೆ ಹೇಗೆ ಅಂತ ಕೇಳಿದರೆ, ದೊಡ್ಡ ಹೋಟೆಲಿನ ಬಫೆ ಹೇಗಿರುತ್ತೋ ಹಾಗೆ. ಬಾಯಿ ಚಪ್ಪರಿಸುವ ರುಚಿ ಬೇಕಿದ್ದರೆ ಮುಂದೆ ಹೇಳುವ ದಾರಿ ಹಿಡಿಯಿರಿ.

ಐವತ್ತರಾಚೆಯ ಮಹಡಿಗಳು

ಬುರ್ಜ್ ಖಲೀಫಾ ಕಣ್ಣೆದುರೇ ನಿಂತಿರಬೇಕು, ನಾವೂ ಎತ್ತರದಲ್ಲಿರಬೇಕು ಅನ್ನುವವರಿಗೆ ಅಕ್ಕಪಕ್ಕದ ಕಟ್ಟಡಗಳಿವೆ. ಅಡ್ರೆಸ್ ಸ್ಕೈ ವ್ಯೂ ಹೋಟೆಲಿನ 54ನೇ ಮಹಡಿಯ ಸೆ ಲಾ ವಿ ಇವುಗಳಲ್ಲಿ ಹೆಸರಾದದ್ದು. ಫೋಟೋಗೆ ಇದಕ್ಕಿಂತ ಒಳ್ಳೆ ಜಾಗ ಕಷ್ಟ. ಆದರೆ ಇಂಥ ಎಷ್ಟೋ ಜಾಗಗಳು ಅರ್ಧ ರೆಸ್ಟೋರೆಂಟ್, ಅರ್ಧ ಲೌಂಜ್. ಹೊತ್ತು ಏರಿದ ಹಾಗೆ ಸಂಗೀತದ ಸದ್ದು ಏರುತ್ತದೆ. ಬಾರ್ ಇರುವ ಭಾಗಕ್ಕೆ 21 ತುಂಬದವರನ್ನು ಬಿಡದ ಕಡೆಗಳೂ ಇವೆ. ಕಿವಿ ಮಂದವಾದ ಅಜ್ಜನ ಜೊತೆ ಮಾತಾಡಬೇಕು ಅಂದರೆ ಇಲ್ಲಿ ಆಗೋದಿಲ್ಲ. ಗಂಡ ಹೆಂಡತಿ, ದೊಡ್ಡ ಮಕ್ಕಳು, ತಂಗಿ ಭಾವ ಇಷ್ಟೇ ಜನ ಇದ್ದರೆ ಹೋಗಿ. ಚಿಕ್ಕವರೂ ವಯಸ್ಸಾದವರೂ ಇದ್ದರೆ ನನ್ನ ಮಾತು ಬೇಡ ಅಂತಲೇ.

ನೆಲದಲ್ಲೇ ಕೂತು ಮೇಲೆ ನೋಡೋದು

ಎತ್ತರ ಅಂದರೆ ಎದೆ ಝಲ್ಲೆನ್ನುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ ಅಲ್ವಾ? ಅವರನ್ನು ಒತ್ತಾಯ ಮಾಡಿ ಮೇಲೆ ಹತ್ತಿಸಬೇಡಿ. ಲಿಫ್ಟಿನಲ್ಲಿ ಕಿವಿ ಕಟ್ಟುತ್ತದೆ, ಗಾಜು ನೆಲದವರೆಗೂ ಇರುತ್ತದೆ, ಊಟ ಗಂಟಲಲ್ಲಿ ಇಳಿಯೋದಿಲ್ಲ. ಅವರಿಗೆ ಸೂಕ್ ಅಲ್ ಬಹಾರ್ ಇದೆ. ಕಾರಂಜಿಯ ಕೆರೆಯ ದಡದಲ್ಲೇ ಇರುವ, ಹಳೆ ಅರಬ್ ಪೇಟೆಯ ಹಾಗೆ ಕಟ್ಟಿದ ಜಾಗ. ಹೊರಗಿನ ಟೆರೇಸಿನಲ್ಲಿ ಕೂತರೆ ಎದುರು ನೀರು, ಅದರ ಹಿಂದೆ ಬುಡದಿಂದ ತುದಿವರೆಗೆ ಬುರ್ಜ್ ಖಲೀಫಾ. ಸಂಜೆಯ ಮೇಲೆ ಅರ್ಧ ಗಂಟೆಗೊಮ್ಮೆ ಕಾರಂಜಿ ಏಳುತ್ತದೆ. ಹಾಡು ಎದೆಗೆ ಬಡಿಯುತ್ತದೆ, ಗಾಳಿ ಈ ಕಡೆ ತಿರುಗಿದರೆ ಹನಿ ಮುಖಕ್ಕೂ ಬೀಳುತ್ತದೆ. 2025ರಲ್ಲಿ ಕೆಲವು ತಿಂಗಳು ದುರಸ್ತಿಗೆ ನಿಂತಿತ್ತು, ಅಕ್ಟೋಬರಿನಲ್ಲಿ ಮತ್ತೆ ಶುರುವಾಯಿತು. ನೀವು ಹೋಗುವ ವಾರ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಅಲ್ಲೇ ಟೈಮ್ ಔಟ್ ಮಾರ್ಕೆಟ್ ಅನ್ನುವ ಊಟದ ಅಂಗಳ ಇದೆ. ಒಂದೇ ಸೂರಿನಡಿ ಬೇರೆ ಬೇರೆ ಅಡುಗೆಮನೆಗಳು. ಮಗಳಿಗೆ ಪಿಜ್ಜಾ, ನಮ್ಮ ಯಜಮಾನರಿಗೆ ಕಬಾಬ್, ಅಮ್ಮನಿಗೆ ಇನ್ನೇನೋ, ಎಲ್ಲ ಒಂದೇ ಟೇಬಲ್ಲಿಗೆ. ಆದರೆ ಟೆರೇಸಿನ ಮಾತು ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ. ಜುಲೈನಲ್ಲಿ ರಾತ್ರಿ ಎಂಟಕ್ಕೂ ಹೊರಗೆ ಕೂರೋದು ಅಂದರೆ ಹಬೆಯಲ್ಲಿ ಕಡುಬು ಬೇಯುವ ಹಾಗೆ.

ನೋಟ ಬೇರೆ, ಊಟ ಬೇರೆ

ಇದನ್ನು ಕೊನೆಗೆ ಇಟ್ಟಿದ್ದೇನೆ. ನಮ್ಮ ಮನೆಗೆ ಜಾಸ್ತಿ ಸಲ ಹೊಂದಿದ್ದು ಇದೇ. ಮೇಲೆ ಹತ್ತಿ ನೋಡಿ ಬರೋದು, ಊಟಕ್ಕೆ ಇನ್ನೊಂದು ಕಡೆ ಹೋಗೋದು. 124, 125ನೇ ಮಹಡಿಗೆ ಟಿಕೆಟ್ ತೆಗೆದುಕೊಂಡರೆ ರೆಸ್ಟೋರೆಂಟಿಗಿಂತ ಮೇಲೆಯೇ ನಿಂತು ನೋಡಬಹುದು. 148ನೇ ಮಹಡಿ ಇನ್ನೂ ಮೇಲೆ, 555 ಮೀಟರ್, ಟಿಕೆಟ್ಟೂ ದುಬಾರಿ. ಸಂಜೆಯ ಹೊತ್ತಿನ ಟಿಕೆಟ್‌ಗೆ ಜಾಸ್ತಿ ದುಡ್ಡು. ಮೊದಲೇ ಆನ್‌ಲೈನ್ ತೆಗೆದಿಡಿ. ಸುತ್ತಲೂ ನಡೆದು ನೋಡಬಹುದು, ಮಕ್ಕಳನ್ನು "ಸುಮ್ನೆ ಕೂತ್ಕೋ" ಅಂತ ಗದರಿಸಬೇಕಾಗಿಲ್ಲ. ಅಲ್ಲಿಂದ ಕರಾಮಾ ಟ್ಯಾಕ್ಸಿಯಲ್ಲಿ ದೂರ ಅಲ್ಲ. ಕರಾಮಾ, ಬರ್ ದುಬೈ ಕಡೆ ಕಾಮತ್ ಇದೆ, ಶರವಣ ಭವನ ಇದೆ. ಥಾಲಿ 50 ದಿರ್ಹಂ ಒಳಗೇ ಆಗುತ್ತದೆ. ಅಮ್ಮ ಏಕಾದಶಿ ದಿನ ಈರುಳ್ಳಿ ಬೆಳ್ಳುಳ್ಳಿ ಮುಟ್ಟೋದಿಲ್ಲ. ಅದನ್ನು ಅಲ್ಲಿ ಬಡಿಸುವವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಇದರಲ್ಲಿ ಕಳೆದುಕೊಳ್ಳೋದು ಒಂದೇ. ದೀಪಗಳ ಮುಂದೆ ಎರಡು ಗಂಟೆ ಕೂತು ಮಾತಾಡುವ ಸುಖ. ಅದು ಸಣ್ಣದಲ್ಲ. ಮನೆಯಲ್ಲಿ ಟೀವಿ, ಫೋನು, ಅಡುಗೆ ಅಂತ ಆಡದೇ ಉಳಿದ ಮಾತು ಅಂಥ ಟೇಬಲ್ಲಿನಲ್ಲಿ ತಾನಾಗಿ ಬರುತ್ತದೆ. ಅಪ್ಪ ತಮ್ಮ ಮೊದಲ ಬೆಂಗಳೂರು ಪ್ರಯಾಣದ ಕತೆ ಹೇಳಿದ್ದು ಆ ತಿರುಗುವ ರೆಸ್ಟೋರೆಂಟಿನಲ್ಲಿ. ನಾನು ಅದನ್ನು ಅದುವರೆಗೆ ಕೇಳಿರಲೇ ಇಲ್ಲ.

ಫೋನ್ ಮಾಡಿದಾಗ ಕೇಳಬೇಕಾದ್ದು

ಒಂದು ಎತ್ತರದ ರೆಸ್ಟೋರೆಂಟಿನಲ್ಲಿ, ಹೆಸರು ಬೇಡ, ನಾವು ಆರು ಜನಕ್ಕೆ ಕಿಟಕಿ ನೋಟದ ಟೇಬಲ್ ಅಂತ ಹೇಳಿಯೇ ಕಾದಿರಿಸಿದ್ದೆವು. ಹೋದಾಗ ಸಿಕ್ಕಿದ್ದು ಎರಡನೇ ಸಾಲು, ಪಕ್ಕದಲ್ಲಿ ದಪ್ಪ ಕಂಬ. ಅತ್ತೆ ಕೂತ ಜಾಗದಿಂದ ಅಡುಗೆಮನೆಯ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಅಷ್ಟು ದುಡ್ಡು ಕೊಟ್ಟ ಮೇಲೆ ಅದು ಇವತ್ತಿಗೂ ನೋವಾಗುತ್ತದೆ. ಆಮೇಲೆ ಗೊತ್ತಾಯಿತು, ಗಾಜಿಗೆ ತಾಗಿದ ಟೇಬಲ್ಲುಗಳು ಹೆಚ್ಚಿನ ಕಡೆ ಇಬ್ಬರಿಗೆ ಅಥವಾ ನಾಲ್ವರಿಗೆ ಮಾಡಿದಂಥವು. ಆರು ಜನ ಅಂದರೆ ಒಳಗಿನ ಸಾಲಿಗೆ ತಳ್ಳುತ್ತಾರೆ. ಅದಕ್ಕೆ "ನೋಟ ಇದೆಯಾ" ಅಂತ ಕೇಳಬೇಡಿ, "ಟೇಬಲ್ ಗಾಜಿಗೆ ತಾಗಿದೆಯಾ" ಅಂತ ಕೇಳಿ. ಇಲ್ಲ ಅಂದರೆ ನಾಲ್ಕು ಮತ್ತು ಎರಡು ಅಂತ ಅಕ್ಕಪಕ್ಕದ ಎರಡು ಟೇಬಲ್ ಕೇಳಿ. ಅಜ್ಜ ಅಜ್ಜಿ, ಮೊಮ್ಮಕ್ಕಳು ಗಾಜಿನ ಬದಿಗೆ.

ಬಟ್ಟೆಯ ನಿಯಮ ಇನ್ನೊಂದು. ದೊಡ್ಡ ಹೋಟೆಲುಗಳಲ್ಲಿ ಗಂಡಸರಿಗೆ ಚಪ್ಪಲಿ, ಚಡ್ಡಿ ನಡೆಯದ ಕಡೆ ಬಹಳ. ಅಪ್ಪನ ಕಾಲು ವಿಮಾನ ಪ್ರಯಾಣಕ್ಕೆ ಊದಿಕೊಂಡು ಶೂ ಹಿಡಿಸುತ್ತಿರಲಿಲ್ಲ. ಮೊದಲೇ ಫೋನ್ ಮಾಡಿ ವಯಸ್ಸು, ಕಾರಣ ಹೇಳಿದೆ. ಸ್ಯಾಂಡಲ್ ಪರವಾಗಿಲ್ಲ ಅಂದರು. ಬಾಗಿಲಲ್ಲಿ ನಿಂತು ವಾದ ಮಾಡುವ ಬದಲು ಹೀಗೆ ಮೊದಲೇ ಕೇಳಿದರೆ ಹಿರಿಯರ ಮುಖ ಸಣ್ಣದಾಗೋದಿಲ್ಲ. ಅಮ್ಮಂದಿರ ಸೀರೆಗೆ ಎಲ್ಲ ಕಡೆಯೂ ಗೌರವವೇ. ಏಸಿ ಜೋರಿರುತ್ತದೆ, ಒಂದು ಶಾಲು ಇರಲಿ.

ಮಕ್ಕಳ ವಯಸ್ಸಿನ ಮಿತಿ, ಕನಿಷ್ಠ ಖರ್ಚು ಮಕ್ಕಳಿಗೂ ಲೆಕ್ಕವೇ, ಕೇಕ್ ತರಬಹುದೇ, ಹೇಳಿದ ಬೆಲೆಯಲ್ಲಿ ತೆರಿಗೆ ಮತ್ತು ಸೇವಾ ಶುಲ್ಕ ಸೇರಿದೆಯೇ, ಇವನ್ನೂ ಕೇಳಿಬಿಡಿ.

ಇನ್ನು ಹೊತ್ತು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗೋದು ಸಂಜೆ ಐದೂವರೆ ಆಸುಪಾಸು, ಜೂನ್ ಕೊನೆಗೆ ಏಳು ದಾಟಿದ ಮೇಲೆ. ಮುಳುಗುವ ಮುಕ್ಕಾಲು ಗಂಟೆ ಮೊದಲು ಟೇಬಲ್ ಹಿಡಿಯಿರಿ. ಹಗಲು, ಸಂಜೆ, ದೀಪ ಮೂರೂ ಒಂದೇ ಊಟದಲ್ಲಿ ಸಿಗುತ್ತದೆ. ಎತ್ತರದಲ್ಲಿ ಸೂರ್ಯ ಸ್ವಲ್ಪ ತಡವಾಗಿ ಮುಳುಗುತ್ತಾನೆ ಅನ್ನೋದು ಬರೀ ಮಾತಲ್ಲ. ಬುರ್ಜ್ ಖಲೀಫಾದಲ್ಲಿ 80ನೇ ಮಹಡಿಗಿಂತ ಮೇಲಿರುವವರು ರಂಜಾನ್ ಉಪವಾಸವನ್ನು ಎರಡು ನಿಮಿಷ ತಡವಾಗಿ, 150ಕ್ಕಿಂತ ಮೇಲಿರುವವರು ಮೂರು ನಿಮಿಷ ತಡವಾಗಿ ಬಿಡಬೇಕು ಅಂತ ದುಬೈನ ಧರ್ಮಗುರುಗಳು 2011ರಲ್ಲಿ ಹೇಳಿದ್ದರು. ಬೇಸಿಗೆಯಲ್ಲಿ ಧೂಳಿನ ಮಬ್ಬು ಕವಿದರೆ ಎತ್ತರದಿಂದ ಬೂದು ಬಣ್ಣ ಬಿಟ್ಟು ಏನೂ ಕಾಣೋದಿಲ್ಲ. ಅಂಥ ದಿನ ಕೆಳಗಿನ ಮಹಡಿಯೇ ವಾಸಿ.

ಪೂರ್ತಿ ಕತ್ತಲಾದ ಮೇಲೆ ಗಾಜಿನಲ್ಲಿ ಊರಿಗಿಂತ ನಮ್ಮದೇ ಮುಖ, ಟೇಬಲ್ ಮೇಲಿನ ದೀಪ ಜಾಸ್ತಿ ಕಾಣುತ್ತದೆ. ಮಗಳು ಕಂಡುಕೊಂಡ ಉಪಾಯ ಒಳ್ಳೆಯದು. ಹಣೆಯನ್ನು ಗಾಜಿಗೆ ಒತ್ತಿ, ಎರಡೂ ಕೈಯನ್ನು ಕಣ್ಣಿನ ಪಕ್ಕ ಬೊಗಸೆ ಹಾಗೆ ಹಿಡಿದಳು. ಒಳಗಿನ ಬೆಳಕು ಮರೆಯಾಗಿ ಊರು ಪೂರ್ತಿ ಕಂಡಿತು. ಫೋನಿನ ಕ್ಯಾಮೆರಾವನ್ನೂ ಹಾಗೇ ಗಾಜಿಗೆ ಅಂಟಿಸಿ, ಫ್ಲ್ಯಾಶ್ ಆರಿಸಿ ತೆಗೆದರೆ ಫೋಟೋ ಚೆನ್ನಾಗಿ ಬರುತ್ತದೆ.

ಬರುವ ಜನವರಿಗೆ ಅತ್ತೆ ಮಾವ ಬರುತ್ತಾರೆ. ಮಾವನಿಗೆ ಬುರ್ಜ್ ಖಲೀಫಾ ಹತ್ತಲೇಬೇಕು, ಅದೂ ಆದಷ್ಟು ಮೇಲೆ. ಅತ್ತೆಗೆ ಮನೆಯ ಮೂರನೇ ಮಹಡಿಯ ಬಾಲ್ಕನಿಗೆ ಬರಲೂ ಭಯ. ಆದ್ದರಿಂದ ಮಾವ, ಮಗಳು, ನಮ್ಮ ಯಜಮಾನರು ಮೂವರೂ ಸಂಜೆಯ ಟಿಕೆಟ್ ತೆಗೆದುಕೊಂಡು ಮೇಲೆ ಹೋಗುತ್ತಾರೆ. ನಾನು ಅತ್ತೆ ಜೊತೆ ಕಾರಂಜಿಯ ದಡದಲ್ಲಿ ಕೂರುತ್ತೇನೆ. ಅವರು ಇಳಿದು ಬಂದ ಮೇಲೆ ಎಲ್ಲರೂ ಅಲ್ಲೇ ಟೆರೇಸಿನಲ್ಲಿ ಊಟ. ಆರು ಗಂಟೆಯ ಮೇಲೆ ಐದು ಜನಕ್ಕೆ, ನೀರಿನ ಕಡೆಯ ಮೊದಲ ಸಾಲೇ ಬೇಕು ಅಂತ ಎರಡು ಸಲ ಹೇಳಿ ಟೇಬಲ್ ಕಾದಿರಿಸಿದ್ದೇನೆ.